ಚಾರ್ಜರ್ ಬೆನ್ನಿನ ಸಣ್ಣಕ್ಷರ

ಜಿಲ್ಲೆಯಲ್ಲಿ ಸುದ್ದಿ ಮಾಡುವ ನಮ್ಮಂಥವರ ಬ್ಯಾಗಿನಲ್ಲಿ ನೋಟ್‌ಬುಕ್ಕಿಗಿಂತ ಹೆಚ್ಚು ಜಾಗ ಹಿಡಿಯುವುದು ಚಾರ್ಜರು, ಪವರ್ ಬ್ಯಾಂಕು, ವೈರು. ಗ್ರಾಮಸಭೆಯ ವಿಡಿಯೊ ಕಳಿಸಿ ತಾಲ್ಲೂಕು ಕಚೇರಿಗೆ ಓಡುವಷ್ಟರಲ್ಲಿ ಫೋನ್ ಸತ್ತರೆ ಅವತ್ತಿನ ದುಡಿಮೆಯೂ ಹೋದಂತೆ. ಹಾಗಾಗಿ ಸಂತೆಯಲ್ಲಿ ನೂರು ರೂಪಾಯಿಗೆ ಸಿಗುವ ಚಾರ್ಜರಿಗೆ ಊರಿನವರಂತೆ ನಾವೂ ಗಿರಾಕಿಗಳೇ. ಅದರ ಬೆನ್ನಿನ ಸಣ್ಣಕ್ಷರ ಓದುವ ಅಭ್ಯಾಸ ನಮಗೆ ಬಂದದ್ದು ಒಂದು ಬೆಂಕಿಯಿಂದ.

ಕಳೆದ ಮಳೆಗಾಲದಲ್ಲಿ ನಮ್ಮ ಓಣಿಯ ಮನೆಯೊಂದರಲ್ಲಿ ರಾತ್ರಿ ಫೋನಿಗೆ ಹಾಕಿಟ್ಟಿದ್ದ ಚಾರ್ಜರ್ ಕರಗಿ ಕೌದಿಗೆ ಕಿಡಿ ಹತ್ತಿತು. ಮನೆಯಾಕೆಗೆ ವಾಸನೆ ಬಡಿದು ಎಚ್ಚರವಾಗಿದ್ದರಿಂದ ಮಗು ಉಳಿಯಿತು. ಬೆಳಿಗ್ಗೆ ಹೋದಾಗ ಅಲ್ಲಿ ನೆರೆದಿದ್ದವರು, "ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಅಂತ ಹಾಕ್ರಿ, ಸಾಕು" ಎಂದರು. ಸಾಮಾನ್ಯವಾಗಿ ಇಂಥ ಸುದ್ದಿ ಅಲ್ಲಿಗೇ ಮುಗಿಯುತ್ತದೆ. ಸುಟ್ಟ ವಸ್ತು ಯಾವುದು, ದೇಶದೊಳಗೆ ತಂದವರು ಯಾರು, ಪರೀಕ್ಷೆ ಮಾಡಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಕರಗಿದ ಚಾರ್ಜರನ್ನು ನಾವು ತಿರುಗಿಸಿ ನೋಡಿದೆವು. ಉಳಿದ ಪ್ಲಾಸ್ಟಿಕ್ಕಿನ ಮೇಲೆ ಇಂಗ್ಲಿಷಿನಲ್ಲಿ 'ಸಿಇ' ಎಂಬ ಎರಡು ಅಕ್ಷರ ಇತ್ತು, ಅಷ್ಟೇ.

'ಸಿಇ' ಯುರೋಪಿನ ಗುರುತು. ಇಲ್ಲಿ ಮಾರುವುದಕ್ಕೆ ಅದು ಪರವಾನಗಿಯಲ್ಲ. ನಮ್ಮ ದೇಶದಲ್ಲಿ ಚಾರ್ಜರಿನಂಥ ಸರಕಿಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೊದ ಕಡ್ಡಾಯ ನೋಂದಣಿ ಬೇಕು. ಕೇಂದ್ರ ಸರ್ಕಾರ 2012ರಲ್ಲಿ ಹೊರಡಿಸಿದ ಆದೇಶದ ಮೊದಲ ಪಟ್ಟಿಯಲ್ಲಿ ಲ್ಯಾಪ್‌ಟಾಪು, ಟಿ.ವಿ., ಮೈಕ್ರೊವೇವ್ ಓವನ್ ಸೇರಿ 15 ಬಗೆಯ ಸರಕುಗಳಿದ್ದವು. ಮೊಬೈಲು, ಅಡಾಪ್ಟರು, ಪವರ್ ಬ್ಯಾಂಕು, ಎಲ್ಇಡಿ ಬಲ್ಬು ಸೇರಿದ್ದು 2014ರ ಎರಡನೇ ಪಟ್ಟಿಯಲ್ಲಿ. ಹೊರದೇಶದ ಕಾರ್ಖಾನೆಯಾದರೆ ಭಾರತದಲ್ಲಿ ಒಬ್ಬ ಅಧಿಕೃತ ಪ್ರತಿನಿಧಿಯನ್ನು ಹೆಸರಿಸಬೇಕು. ಸರಕಿಗೆ ತೊಂದರೆ ಬಂದರೆ ಹಿಡಿದು ಕೇಳಲು ಈ ನೆಲದಲ್ಲಿ ಒಬ್ಬರಿರಲಿ ಎಂಬುದು ಅದರ ಉದ್ದೇಶ.

ಸಂತೆಯಲ್ಲಿ ತಿಳಿದವರು ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಇದಕ್ಕ ಐಎಸ್ಐ ಐತೇನು?" ಇಸ್ತ್ರಿಪೆಟ್ಟಿಗೆಗೆ, ನೀರು ಕಾಯಿಸುವ ಕಾಯಿಲ್‌ಗೆ ಆ ಪ್ರಶ್ನೆ ಸರಿ. ಚಾರ್ಜರಿಗೂ ಎಲ್ಇಡಿ ಬಲ್ಬಿಗೂ ಹುಡುಕಬೇಕಾದದ್ದು ಬೇರೆ: ಬಿಐಎಸ್ ಗುರುತು, ಅದರ ಜೊತೆಗೆ ಐಎಸ್ ಸಂಖ್ಯೆ, ಇಂಗ್ಲಿಷಿನ 'ಆರ್' ಅಕ್ಷರ, ಒಂದು ಅಡ್ಡಗೆರೆ, ಎಂಟು ಅಂಕಿ. ಈ 'ಆರ್' ಸಂಖ್ಯೆ ಒಂದು ಕಾರ್ಖಾನೆಯ ಒಂದು ಬಗೆಯ ಸರಕಿಗೆ ಸೇರಿದ್ದು. ಅದೇ ಕಂಪನಿಯ ಇನ್ನೊಂದು ಕಾರ್ಖಾನೆಗೆ ಇನ್ನೊಂದು ಸಂಖ್ಯೆ.

ಕಲಿತದ್ದು ಮನಸ್ಸಿನಲ್ಲಿ ಕೂರುವಷ್ಟರಲ್ಲಿ ನಿಯಮ ಬದಲಾಗುತ್ತದೆ. ಆರಂಭದಲ್ಲಿ ಲೇಬಲ್ಲಿನ ಮೇಲೆ 'ಸ್ವಯಂ ಘೋಷಣೆ' ಎಂಬರ್ಥದ ಒಂದು ಇಂಗ್ಲಿಷ್ ಸಾಲು ಇರುತ್ತಿತ್ತು. ಆಮೇಲೆ ಅದರ ಜಾಗಕ್ಕೆ ಚಿತ್ರದ ಗುರುತು ಬಂತು. ಅಡಾಪ್ಟರಿನ ಮಾನದಂಡ ಐಎಸ್ 13252 ಎಂದು ನಾವು ಬರೆದಿಟ್ಟುಕೊಂಡೆವು. ಈಗ ಅದರ ಜಾಗಕ್ಕೆ ಐಎಸ್/ಐಇಸಿ 62368 ಬರುತ್ತಿದೆ. ಪರದೆ ಇರುವ ಉಪಕರಣಗಳಿಗೆ ಗುರುತನ್ನು ಪರದೆಯ ಒಳಗೇ ತೋರಿಸುವ ಅವಕಾಶವೂ ಸಿಕ್ಕಿತು. 2022ರ ಜುಲೈನಲ್ಲಿ ಪೊಟ್ಟಣ ಸರಕು ನಿಯಮಕ್ಕೆ ತಿದ್ದುಪಡಿ ತಂದು, ಆಮದುದಾರರ ವಿಳಾಸದಂಥ ಕೆಲವು ವಿವರಗಳನ್ನು ಎಲೆಕ್ಟ್ರಾನಿಕ್ ಸರಕಿನವರು ಕ್ಯೂಆರ್ ಕೋಡ್‌ನಲ್ಲಿ ಕೊಡಬಹುದು ಎಂದು ಒಂದು ವರ್ಷದ ಮಟ್ಟಿಗೆ ಹೇಳಲಾಯಿತು. ಎಂಆರ್‌ಪಿ, ದೂರಿನ ಫೋನ್ ಸಂಖ್ಯೆ, ಇಮೇಲ್ ಮಾತ್ರ ಪೊಟ್ಟಣದ ಮೇಲೆಯೇ ಇರಬೇಕಿತ್ತು.

ವ್ಯಾಪಾರಕ್ಕೆ ಇದರಿಂದ ಅನುಕೂಲವಿದೆ, ಇಲ್ಲವೆನ್ನುವುದಿಲ್ಲ. ಬೆರಳುಗಾತ್ರದ ಸರಕಿನ ಮೇಲೆ ಎಲ್ಲವನ್ನೂ ಅಚ್ಚು ಹಾಕುವುದು ಕಷ್ಟ. ಆದರೆ ಆ ಬೆಂಕಿ ಬಿದ್ದ ಮನೆಯಲ್ಲಿದ್ದ ಒಂದೇ ಫೋನ್ ಚಾರ್ಜರಿನೊಂದಿಗೇ ಸುಟ್ಟಿತ್ತು. ಕೋಡ್ ಸ್ಕ್ಯಾನ್ ಮಾಡಲು ಅವರು ಯಾರ ಫೋನ್ ಬೇಡಬೇಕು? ಕೆಟ್ಟ ಉಪಕರಣದ ಪರದೆಯೊಳಗೆ ಇರುವ ಗುರುತನ್ನು ಯಾರು ಓದಬೇಕು? ಸರಕು ಕೈಕೊಟ್ಟ ದಿನವೇ ಅದರ ಹೆಸರು ವಿಳಾಸ ಬೇಕಾಗುವುದು.

ಭಾಷೆಯದು ಇನ್ನೊಂದು ತೊಡಕು. ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ದೇವನಾಗರಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು ಎನ್ನುತ್ತದೆ 2011ರ ನಿಯಮ. ಬೇರೆ ಭಾಷೆಯನ್ನು ಜೊತೆಗೆ ಸೇರಿಸಲು ಅಡ್ಡಿಯಿಲ್ಲ, ಸೇರಿಸಲೇಬೇಕೆಂದೂ ಇಲ್ಲ. ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಸರಕಿನ ಮೇಲೆ ಕನ್ನಡ ಇರಲಿ ಎನ್ನುತ್ತದೆ, ಆದರೆ ಆ ಮಾತು ರಾಜ್ಯದಲ್ಲಿ ತಯಾರಾದ ಸರಕಿಗೆ. ಹಡಗಿನಲ್ಲಿ ಬಂದ ಚಾರ್ಜರ್ 'ಒದ್ದೆ ಕೈಯಲ್ಲಿ ಮುಟ್ಟಬೇಡಿ' ಎಂದು ನಮ್ಮೂರಿನ ಅಜ್ಜಿಗೆ ಕನ್ನಡದಲ್ಲಿ ಹೇಳಬೇಕಾಗಿಲ್ಲ.

ಬೆಂಕಿಯ ಸುದ್ದಿಯ ಜೊತೆ ಈ ನಿಯಮದ ಬಗ್ಗೆಯೂ ನಾಲ್ಕು ಸಾಲು ಕಳಿಸಿದಾಗ ಡೆಸ್ಕಿನವರು, "ಇದು ದೆಹಲಿಯ ವಾಣಿಜ್ಯ ಸುದ್ದಿ, ನಿಮ್ಮ ಜಿಲ್ಲೆಯದ್ದಲ್ಲ" ಎಂದರು. ಹಾಗಾಗಿ ಮುಂದಿನ ಸಂತೆಗೆ ಫೋನಿನಲ್ಲಿ 'ಬಿಐಎಸ್ ಕೇರ್' ಆ್ಯಪ್ ಹಾಕಿಕೊಂಡು ಹೋದೆವು. ಐದು ಚಾರ್ಜರ್ ನೋಡಿದೆವು. ಮೂರರ ಮೇಲೆ 'ಆರ್' ಸಂಖ್ಯೆಯೇ ಇರಲಿಲ್ಲ. ಒಂದರ ಸಂಖ್ಯೆ ಹೊಡೆದರೆ ಬಂದದ್ದು ಬೇರೆ ಬ್ರ್ಯಾಂಡಿನ ಹೆಸರು. ಒಂದು ಮಾತ್ರ ತಾಳೆಯಾಯಿತು, ಅದರ ಬೆಲೆ ಉಳಿದವುಗಳ ಮೂರು ಪಟ್ಟು. ಮಾರುವ ಹುಡುಗ ಸಿಟ್ಟಾಗಲಿಲ್ಲ. "ನನಗೂ ಯಾರೂ ಹೇಳಿಲ್ರೀ, ಡಬ್ಬಿ ತುಂಬ ಬರ್ತಾವು, ಮಾರ್ತೀವಿ" ಎಂದ. ಅವನನ್ನು ಕಳ್ಳನೆನ್ನಲು ನಮಗೆ ಮನಸ್ಸಾಗಲಿಲ್ಲ. ಅವನ ಮನೆಯಲ್ಲಿ ಉರಿಯುವ ಬಲ್ಬೂ ಅದೇ ಡಬ್ಬಿಯದು.

ಆ ಐದು ಚಾರ್ಜರಿನ ಲೆಕ್ಕ ಬರೆದು ಕಳಿಸಿದೆವು. ಈ ಸಲ ಜಿಲ್ಲಾ ಪುಟದಲ್ಲಿ ಒಂದು ಕಾಲಂ ಸಿಕ್ಕಿತು. ನಿಯಮ ಬದಲಾಗುವುದು ದೆಹಲಿಯಲ್ಲಿ, ಅದು ಮುಟ್ಟದೇ ಹೋಗುವುದು ನಮ್ಮ ಸಂತೆಗೆ. ಆ ಕಾರಣಕ್ಕೇ ಇದು ಜಿಲ್ಲೆಯ ಸುದ್ದಿ.

ಓದಿದವರು ಇಷ್ಟು ಮಾಡಿದರೆ ಸಾಕು: ಕೊಳ್ಳುವ ಮುನ್ನ ಸರಕು ತಿರುಗಿಸಿ 'ಆರ್' ಸಂಖ್ಯೆ ನೋಡಿ, ಆ್ಯಪಿನಲ್ಲಿ ಹಾಕಿ ಬ್ರ್ಯಾಂಡಿನ ಹೆಸರು ತಾಳೆ ನೋಡಿ. ಪೊಟ್ಟಣದ ಮೇಲೆ ಆಮದುದಾರರ ಹೆಸರು, ತಯಾರಾದ ದೇಶ ಇದೆಯೇ ನೋಡಿ. ಚೀಟಿಯಾದರೂ ಸರಿ, ಬಿಲ್ ಕೇಳಿ. ಮೋಸ ಕಂಡರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ. ನಮ್ಮ ಬಳಗದ ವರದಿಗಾರ ಗೆಳೆಯರಿಗೆ ಒಂದು ಮಾತು: 'ಶಾರ್ಟ್ ಸರ್ಕ್ಯೂಟ್' ಎಂದು ಬರೆಯುವ ಮುನ್ನ ಸುಟ್ಟದ್ದನ್ನು ತಿರುಗಿಸಿ ನೋಡಿ, ಫೋಟೊ ತೆಗೆದಿಡಿ.