ಎಣ್ಣೆ ಲೇನು, ನಾಲ್ಕು ಕೈ, ಒಂದು ಬಾಲ್

ಬೌಲಿಂಗ್ ಅಂದ್ರೆ ಕ್ಯಾಂಪಸ್ಸಲ್ಲಿ ಎಲ್ಲರಿಗೂ ನೆನಪಾಗೋದು ಬುಮ್ರಾ. ನಾವು ನಾಲ್ವರು ಹೇಳ್ತಿರೋದು ಹತ್ತು ಪಿನ್ ಬೀಳಿಸೋ ಬೌಲಿಂಗ್ ಬಗ್ಗೆ.

ಅದರ 60 ಅಡಿ ಲೇನಿನಲ್ಲಿ ಮೊದಲ 40 ಅಡಿಯಷ್ಟು ಭಾಗಕ್ಕೆ ಎಣ್ಣೆ ಸವರಿರ್ತಾರೆ. ಸಾಮಾನ್ಯವಾಗಿ ನಡುವೆ ಜಾಸ್ತಿ, ಅಂಚಲ್ಲಿ ಕಡಿಮೆ. ಎಣ್ಣೆ ಹೆಚ್ಚಾದಷ್ಟೂ ಘರ್ಷಣೆ ಕಡಿಮೆ. ಎಷ್ಟೇ ಸ್ಪಿನ್ ಕೊಟ್ಟರೂ ಬಾಲ್ ಜಾರಿಕೊಂಡು ನೇರ ಹೋಗುತ್ತೆ, ಪಿನ್ ಕಡೆ ತಿರುಗೋದೇ ಇಲ್ಲ. ಜೋರಾಗಿ ಎಸೆದಷ್ಟೂ ನಷ್ಟ. ವೇಗ ಇಳಿಸಬೇಕು, ಎಣ್ಣೆ ತೆಳುವಾಗಿರೋ ಅಂಚಿನ ಕಡೆ ಗುರಿ ಸರಿಸಬೇಕು.

ಮಾಲ್‌ನಲ್ಲಿ ಕೊಡೋ ಪ್ಲಾಸ್ಟಿಕ್ ಬಾಲಿಗೆ ಅಲ್ಲಿ ಹಿಡಿತ ಸಿಗಲ್ಲ. ರಿಯಾಕ್ಟಿವ್ ರೆಸಿನ್ ಬಾಲ್ ಹಾಗಲ್ಲ, ಅದರ ಮೈ ಎಣ್ಣೆ ಹೀರಿಕೊಳ್ಳುತ್ತೆ. 500 ಅಥವಾ 1000 ಗ್ರಿಟ್ ಪ್ಯಾಡಿನಿಂದ ಉಜ್ಜಿ ಹೊಳಪು ತೆಗೆದರೆ ಹಿಡಿತ ಇನ್ನೂ ಜಾಸ್ತಿ. ಎಸೆಯೋ ಮುಂಚೆ ಪ್ರತಿ ಸಲ ಟವಲಲ್ಲಿ ಒರೆಸಲೇಬೇಕು.

ಒಂದು ಸೆಮಿಸ್ಟರ್ ಪೂರ್ತಿ ದುಡ್ಡು ಕೂಡಿಟ್ಟು ನಾವು ತಗೊಂಡಿದ್ದು ಅಂಥದ್ದೊಂದು ಬಾಲ್. ಆದರೆ ಬೆರಳಿನ ತೂತುಗಳನ್ನ ಒಬ್ಬರ ಕೈ ಅಳತೆಗೆ ಮಾತ್ರ ಕೊರೆಸೋಕಾಗೋದು. ಯಾರ ಕೈಗೆ? ಎರಡು ರಾತ್ರಿ ಹಾಸ್ಟೆಲ್ ಟೆರೇಸಲ್ಲಿ ಜಗಳ, ಒಂದು ದಿನ ಮಾತೇ ಇಲ್ಲ. ಕೊನೆಗೆ ನಮ್ಮಲ್ಲಿ ಎಲ್ಲರಿಗಿಂತ ಕಡಿಮೆ ದುಡ್ಡು ಹಾಕಿದವನ ಕೈಗೇ ಕೊರೆಸಿದ್ವಿ, ಯಾಕಂದ್ರೆ ಬಾಲ್ ತಿರುಗಿಸೋ ಮಣಿಕಟ್ಟು ಇರೋದು ಅವನಿಗೇ.

ಉಳಿದ ಮೂವರು ಪ್ಲಾಸ್ಟಿಕ್ ಬಾಲನ್ನೇ ನೇರ ಎಸೀತೀವಿ. ಮೂಲೇಲಿ ಉಳಿದ ಒಂಟಿ ಪಿನ್ ಬೀಳಿಸೋಕೆ ಅದೇ ಒಳ್ಳೇದು. ಅವನ ಬಾಲ್ ಒರೆಸೋ ಟವಲ್ ಮಾತ್ರ ಸರದಿ ಪ್ರಕಾರ ಹಿಡೀತೀವಿ.