ಪೋಣೊ ಲಾಖಿನ ದೋಣಿ

ಹಳೆಯ ಸಾಮಾನಿನ ವ್ಯಾಪಾರಕ್ಕೂ ಗುಜರಾತಿಗೂ ಬಲವಾದ ನಂಟು. ಅಹಮದಾಬಾದಿನ ಸಾಬರಮತಿಯ ದಡದಲ್ಲಿ ಭಾನುವಾರ ಕೂಡುವ ಸಂತೆಗೆ ‘ಗುಜರಿ’ ಎಂದೇ ಹೆಸರು. ನಮ್ಮೂರಿನ ಗುಜರಿ ಅಂಗಡಿಯನ್ನು ಬಲ್ಲವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾವನಗರ ಜಿಲ್ಲೆಯ ಅಲಂಗಿನಲ್ಲಂತೂ 1983ರಿಂದ ಹಳೆಯ ಹಡಗುಗಳನ್ನೇ ಕೊಂಡು ಒಡೆಯುತ್ತಾರೆ. ಅಲ್ಲಿ ಬೆಲೆ ಕುದುರುವುದು ಹಡಗಿನ ತೂಕದ ಮೇಲೆ, ಟನ್ನಿಗೆ ಇಷ್ಟು ಎಂದು. ಆದರೆ ನಾಳೆಯೂ ನೀರಿಗಿಳಿಯಬೇಕಾದ ಸಣ್ಣ ದೋಣಿಯನ್ನು ಯಾವ ತಕ್ಕಡಿಯಲ್ಲಿ ತೂಗುವುದು?

ಈ ಪ್ರಶ್ನೆ ನಮ್ಮ ಮನೆಗೆ ಬಂದದ್ದು ಭಾವನವರಿಂದ. ಅವರು ಗಂಗೊಳ್ಳಿಯವರು, ಸೂರತ್ತಿನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಕೈಗೆ ಬಂದ ಹಣದಲ್ಲಿ ಹಳೆಯ ದೋಣಿಯೊಂದನ್ನು ಕೊಂಡು, ತಾಪಿ ನದಿ ಕಡಲು ಸೇರುವ ಕಡೆ ಗಾಳ ಹಾಕುತ್ತ ಕೂರಬೇಕೆಂಬುದು ಅವರ ಆಸೆ. “ಹಣ ನೀರಿಗೆ ಹಾಕುವುದೆಂದರೆ ಇದೇ. ನೀನಾದರೂ ಜೊತೆಗಿರು” ಎಂದು ಅಕ್ಕ ವಡೋದರಕ್ಕೆ ಫೋನು ಮಾಡಿದಳು. ನಾನು ಹೋದೆ.

ಡುಮಸ್ ಕಡೆಯ ಮೀನುಗಾರ ಕಾಕಾ ಒಬ್ಬರ ಫೈಬರ್ ದೋಣಿ ಅದು. ಭಾವನವರು ಇಳಿತದ ಹೊತ್ತನ್ನೇ ನೋಡಿ ಹೊರಟರು. “ಭರತದಲ್ಲಿ ಬಣ್ಣ ಕಾಣುತ್ತದೆ, ಇಳಿತದಲ್ಲಿ ತಳ ಕಾಣುತ್ತದೆ, ಮಾರಾಯ!” ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು, ತಳದುದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರು. ಗಟ್ಟಿಯಿದ್ದಲ್ಲಿ ಟಣ್ಣೆಂದಿತು. ಹಿಂಬದಿಯಲ್ಲಿ ಎರಡು ಕಡೆ ಮಂಕು ಸದ್ದು, ಪದರ ಬಿಟ್ಟಿತ್ತು. ಆಮೇಲೆ ಕಾಗದಪತ್ರ: ನೋಂದಣಿ ಯಾರ ಹೆಸರಿನಲ್ಲಿದೆ, ಮೇಲೆ ಸಾಲವೇನಾದರೂ ಉಂಟೆ? ಬೆಲೆಯ ಮಾತು ಬಂದದ್ದು ಕೊನೆಗೆ, ಚಹದ ಜೊತೆಗೆ.

“ಪೋಣೊ ಲಾಖ್” ಎಂದರು ಕಾಕಾ. ಲಕ್ಷಕ್ಕೆ ಕಾಲು ಕಡಿಮೆ, ಎಪ್ಪತ್ತೈದು ಸಾವಿರ. ಗುಜರಾತಿ ಲೆಕ್ಕದ ಸೊಗಸನ್ನು ನೋಡಿ: ನಾವು ಒಂದಕ್ಕೆ ಮುಕ್ಕಾಲು ಕೂಡಿಸಿ ಒಂದೂಮುಕ್ಕಾಲು ಎಂದರೆ, ಅವರು ಎರಡರಿಂದ ಕಾಲು ಕಳೆದು ‘ಪೋಣಾ ಬೇ’ ಎನ್ನುತ್ತಾರೆ. ಹೊಸದಾಗಿ ಬಂದವರು ಇದನ್ನು ಕಲಿಯದೆ ಪೇಟೆಗೆ ಹೋಗಬಾರದು.

ಭಾವನವರು ಐವತ್ತು ಎಂದರು. ಕಾಕಾ ಸಿಟ್ಟಾಗಲಿಲ್ಲ. ಮಗ ವಜ್ರ ಉಜ್ಜುವ ಕೆಲಸಕ್ಕೆ ಸೇರಿದನೆಂದೂ, ದೋಣಿ ಹತ್ತುವವರು ಮನೆಯಲ್ಲಿ ಯಾರೂ ಇಲ್ಲವೆಂದೂ ಹೇಳಿ, ದೋಣಿಯ ಅಂಚನ್ನು ಸವರುತ್ತ ನಿಂತರು. ಮಾತು ಏರಿ ಇಳಿದು, ಕಾಕಾ ಅರವತ್ತೆರಡಕ್ಕೆ ಬಂದರು, ಭಾವ ಅರವತ್ತಕ್ಕೆ. “ಇನ್ನೊಂದು ಸಲ ಎದ್ದು ಹೊರಟಂತೆ ಮಾಡಿ, ಇಳಿಯುತ್ತಾರೆ” ಎಂದು ನಾನು ಕನ್ನಡದಲ್ಲಿ ಪಿಸುಗುಟ್ಟಿದೆ.

“ಬೇಡ. ಕೊಡುವವರ ಮನಸ್ಸು ಕಹಿಯಾದ ಮೇಲೆ ಅದರಲ್ಲಿ ಕೂರಬೇಕಾದವನು ನಾನು” ಎಂದು ಭಾವ ಅರವತ್ತೆರಡಕ್ಕೆ ಒಪ್ಪಿದರು. ಆದರೆ ಒಂದು ಮಾತಿನಿಂದ ಅವರು ಕದಲಲಿಲ್ಲ. ತಳದ ಆ ಎರಡು ಕಡೆ ಕೊರೆದು ಹೊಸ ಪದರ ಹಾಕಿಸಿ, ಸದ್ದು ಕೇಳಿಸಿದ ಮೇಲೆಯೇ ‘ಬಾನು’, ಅಂದರೆ ಮುಂಗಡ. ಕಾಕಾ ಬಹಳ ಹೊತ್ತು ಸುಮ್ಮನಿದ್ದು, ತಲೆಯಾಡಿಸಿದರು.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಕೇಳಿದಳು: “ಎಷ್ಟು ಕಡಿಮೆ ಮಾಡಿಸಿದಿರಿ?”

“ಎರಡು ತೂತು” ಎಂದರು ಭಾವ, ಕಾಲಿನ ಕೆಸರು ತೊಳೆಯುತ್ತ.