ಎದೆಯೊಳಗಿನ ಬ್ಯಾಟರಿ

ಮುಳಬಾಗಿಲು. ಪಾರ್ಕಿನ್ಸನ್ ಕಾಯಿಲೆಯ ನಿವೃತ್ತ ಮೇಷ್ಟ್ರೊಬ್ಬರ ಮನೆ. ಊಟವಾದ ಮೇಲೆ ಅವರ ಹೆಂಡತಿ ಹೆಗಲಿಗೊಂದು ಪಟ್ಟಿ ಹಾಕಿ, ಅದರ ಜೇಬಿನಲ್ಲಿದ್ದ ದುಂಡನೆ ಬಿಲ್ಲೆಯನ್ನು ಎದೆಯ ಮೇಲ್ಭಾಗದಲ್ಲಿ ಚರ್ಮ ಉಬ್ಬಿರುವ ಜಾಗಕ್ಕೆ ಕೂರಿಸಿದರು. ಬಿಲ್ಲೆ ಸರಿದರೆ ಬೀಪ್ ಅನ್ನುತ್ತದೆ. "ಅಲ್ಲಾಡಬೇಡ್ರೀ, ಇನ್ನರ್ಧ ಗಂಟೆ ಅಷ್ಟೆ." ಮೇಷ್ಟ್ರು ಪೇಪರ್ ಓದುತ್ತಲೇ ಚಾರ್ಜ್ ಆದರು.

ತಂತಿಯಿಲ್ಲದೆ ಚರ್ಮ ದಾಟಿ ಕರೆಂಟು ಹೋಗುವುದು ಹೇಗೆ? ಬಿಲ್ಲೆಯೊಳಗೊಂದು ತಂತಿಸುರುಳಿ, ನಡುಕ ತಡೆಯಲೆಂದು ಎದೆಯ ಚರ್ಮದಡಿ ಕೂರಿಸಿದ ಯಂತ್ರದಲ್ಲಿ ಇನ್ನೊಂದು. ಹೊರಗಿನದರ ಕಾಂತಕ್ಷೇತ್ರ ಏರಿಳಿದಂತೆ ಒಳಗಿನದರಲ್ಲಿ ಕರೆಂಟು ಹುಟ್ಟುತ್ತದೆ. ಎರಡೂ ಎದುರುಬದುರು ಇರಬೇಕು, ಅದಕ್ಕೇ ಆ ಬೀಪ್. ಯಂತ್ರದಿಂದ ಹೊರಟ ತಂತಿಗಳು ಕತ್ತಿನ ಪಕ್ಕ, ಕಿವಿಯ ಹಿಂದೆ ಚರ್ಮದಡಿ ಹತ್ತಿ ಮೆದುಳಿನ ಆಳಕ್ಕೆ ಇಳಿಯುತ್ತವೆ. ಅಲ್ಲಿ ಸೆಕೆಂಡಿಗೆ ಸುಮಾರು 130 ಮಿಡಿತ. ಇಂಥ ವೇಗದ ಮಿಡಿತಕ್ಕೆ ನಡುಕ ನಿಲ್ಲುತ್ತದೆಂದು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಬಿಡ್ ಎಂಬ ವೈದ್ಯರು ಕಂಡುಕೊಂಡದ್ದು 1987ರಲ್ಲಿ. ಯಾಕೆ ನಿಲ್ಲುತ್ತದೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಇವತ್ತಿಗೂ ಒಮ್ಮತವಿಲ್ಲ.

ಶ್ರೀನಿವಾಸಪುರ. ಮಾವಿನ ತೋಟದ ಕುಟುಂಬವೊಂದು ಇಂಥ ಯಂತ್ರಗಳಲ್ಲಿ ಯಾವ ಬಗೆಯದನ್ನು ಹಾಕಿಸುವುದೆಂದು ತೀರ್ಮಾನವಾಗದೆ ಕೂತಿದೆ. ಚಾರ್ಜ್ ಬೇಡದ ಯಂತ್ರ ಸಾಮಾನ್ಯವಾಗಿ 3ರಿಂದ 5 ವರ್ಷ ನಡೆಯುತ್ತದೆ. ಮಿಡಿತದ ಬಲ ಹೆಚ್ಚಿಸಿದಷ್ಟೂ ಬೇಗ ಮುಗಿಯುತ್ತದೆ. ಆಮೇಲೆ ಎದೆಯ ಹಳೇ ಹೊಲಿಗೆಯ ಜಾಗವನ್ನೇ ಕೊಯ್ದು, ತಂತಿ ಬಿಡಿಸಿ, ಹೊಸ ಯಂತ್ರಕ್ಕೆ ಸಿಕ್ಕಿಸಿ ಮುಚ್ಚುತ್ತಾರೆ. ತಲೆಯನ್ನು ಮುಟ್ಟುವುದಿಲ್ಲ. "ಬ್ಯಾಟರಿ ಚೇಂಜ್" ಅಂತ ಎಲ್ಲರೂ ಹೇಳಿದರೂ ಬದಲಾಗುವುದು ಲೋಹದ ಇಡೀ ಡಬ್ಬಿ, ಮತ್ತೆ ಅದರ ಪೂರ್ತಿ ಬೆಲೆ. ಆಪರೇಷನ್ ಸಣ್ಣದು, ನಿಜ. ಆದರೆ ಪ್ರತಿ ಸಲ ಕೊಯ್ದಾಗಲೂ ಸೋಂಕಿನ ಭಯ ಇದ್ದೇ ಇದೆ; ಕೀವು ತಂತಿಗೆ ಹತ್ತಿದರೆ ಎಲ್ಲವನ್ನೂ ತೆಗೆಯಬೇಕಾಗಬಹುದು. ಚಾರ್ಜ್ ಮಾಡುವಂಥದ್ದು 15 ವರ್ಷದವರೆಗೂ ಬರಬಹುದು. ಹಾಗಾದರೆ ಅದೇ ವಾಸಿಯಲ್ಲವೆ ಅಂದೆ. ಸೊಸೆ ಕೇಳಿದಳು: "ಸುಗ್ಗೀಲಿ ಎಲ್ರೂ ತೋಟ, ಮಂಡಿ ಅಂತ ಓಡಾಡ್ತಿರ್ತೀವಿ. ಮಾವನೋರಿಗೆ ಆ ಬಿಲ್ಲೆ ಹಿಡ್ಕೊಂಡು ಕೂರೋರು ಯಾರಣ್ಣಾ?" ನಡುಗುವ ಕೈಗೆ ಒಂಟಿಯಾಗಿ ಆ ಕೆಲಸ ಕಷ್ಟ. ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮಾಲೂರು. ಫಿಸಿಯೋಥೆರಪಿ ಕೇಂದ್ರದಲ್ಲಿ ಮೈಯೊಳಕ್ಕೆ ಶಾಖ ಕೊಡುವ ಡಯಾಥರ್ಮಿ ಯಂತ್ರ ಕಂಡು ಎದೆ ಧಸಕ್ಕೆಂದಿತು. ಪಾರ್ಕಿನ್ಸನ್ ಇದ್ದವರಿಗೆ ಭುಜ ಹಿಡಿದುಕೊಳ್ಳುವುದು ಸಾಮಾನ್ಯ, ಭುಜ ಹಿಡಿದರೆ ಜನ ಬರುವುದು ಇಲ್ಲಿಗೇ. ಮೆದುಳಿಗೆ ತಂತಿ ಹಾಕಿಸಿಕೊಂಡವರಿಗೆ ಈ ಶಾಖ ಕೊಟ್ಟರೆ ತಂತಿಯ ತುದಿ ಕಾದು ಒಳಗೆ ಸುಡುತ್ತದೆ. ಹೊರದೇಶದಲ್ಲಿ ಹೀಗೆ ಸತ್ತವರಿದ್ದಾರೆ. ಎದೆಯ ಯಂತ್ರ ಆಫ್ ಮಾಡಿದ್ದರೂ ಈ ಶಾಖ ಕೊಡಕೂಡದು. ಎಚ್ಚರಿಕೆಯ ಕಾರ್ಡ್ ರೋಗಿಯ ಬಳಿ ಇರುತ್ತದೆ, ಇಂಗ್ಲಿಷಿನಲ್ಲಿ. ಒಂದು ಕನ್ನಡ, ಒಂದು ತೆಲುಗು ಚೀಟಿ ಬರೆದು ಗೋಡೆಗೆ ಅಂಟಿಸಿ ಎಂದು ಕೇಂದ್ರದವರನ್ನು ಕೇಳಿಕೊಂಡೆ.

ಬ್ಯಾಟರಿ ದಿಢೀರನೆ ನಿಂತರೆ? ಮೈ ಮರಗಟ್ಟುತ್ತದೆ, ನುಂಗಲು ಕಷ್ಟವಾಗುತ್ತದೆ. ಆಪರೇಷನ್ ಆದಮೇಲೆ ಮಾತ್ರೆ ಕಡಿಮೆ ಮಾಡಿರುವುದರಿಂದ ಆಸರೆಯೂ ಕಡಿಮೆ. ಮನೆಯವರು ಕಾಯಿಲೆ ಹೆಚ್ಚಾಯಿತೆಂದು ದಿನ ದೂಡಿಬಿಡಬಹುದು. ಅದು ಅದೇ ದಿನ ಆಸ್ಪತ್ರೆಗೆ ಓಡಬೇಕಾದ ತುರ್ತು.

ಕೋಲಾರ. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಶುರುಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಮೊದಲು ಕೈಗೆತ್ತಿಕೊಂಡ ಜಿಲ್ಲೆಗಳಲ್ಲಿ ಇದೂ ಒಂದು. ನನಗೆ ಬಿಡಿಸಲಾಗದ ಒಗಟು ಇಲ್ಲಿದೆ. ಡಬ್ಬಿ ಬದಲಿಸಲು ಬೆಂಗಳೂರು ಬೇಕು, ಒಪ್ಪಿದೆ. ಚಾರ್ಜ್ ಎಷ್ಟು ಉಳಿದಿದೆ ಎಂದು ನೋಡಲು ರೋಗಿಯ ಕೈಲಿರುವ ರಿಮೋಟೇ ಸಾಕು. ಅದರ ಪರದೆ ಓದುವುದನ್ನು ತಾಲ್ಲೂಕು ಆಸ್ಪತ್ರೆಯ ಒಬ್ಬ ನರ್ಸಿಗೆ, ಊರಿನ ಆಶಾ ಕಾರ್ಯಕರ್ತೆಗೆ ಕಲಿಸಲು ಎಷ್ಟು ಹೊತ್ತು ಬೇಕು? ಮೂರು ತಿಂಗಳಿಗೊಮ್ಮೆ ಅವರು ನೋಡಿ ಬರೆದಿಟ್ಟರೆ, ಡಬ್ಬಿ ಮುಗಿಯುವ ಮೊದಲೇ ದುಡ್ಡು ಹೊಂದಿಸಿಕೊಳ್ಳಲು ಮನೆಯವರಿಗೆ ಸಮಯ ಸಿಗುತ್ತದೆ.